ಸಣ್ಣ ರೆಕಾರ್ಡರ್‌ಗೆ ಹೊರಗಿನ ಕನ್ವರ್ಟರ್ ಜೋಡಿಸುವ ಬಗ್ಗೆ

(ಕಛೇರಿ, ತಾಳಮದ್ದಳೆ, ಯಕ್ಷಗಾನಗಳನ್ನು ರೆಕಾರ್ಡ್ ಮಾಡುವ ಆಸಕ್ತರ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವ ಹೆಚ್ಚಿನವರ ಬ್ಯಾಗಿನಲ್ಲಿ ಒಂದು ಸಣ್ಣ ರೆಕಾರ್ಡರ್ ಇದ್ದೇ ಇರುತ್ತದೆ. ಆ ಪೆಟ್ಟಿಗೆ ಮೂರು ಕೆಲಸ ಮಾಡುತ್ತದೆ. ಮೈಕಿನಿಂದ ಬರುವ ತೀರಾ ಸಣ್ಣ ವೋಲ್ಟೇಜನ್ನು ದೊಡ್ಡದು ಮಾಡುತ್ತದೆ. ಅದು ಪ್ರಿಆಂಪ್ ಕೆಲಸ. ಆ ವೋಲ್ಟೇಜನ್ನು ಸೆಕೆಂಡಿಗೆ 44,100 ಸಲವೋ 48,000 ಸಲವೋ ಅಳೆದು ಅಂಕಿ ಮಾಡುತ್ತದೆ. ಅದು ಎ-ಡಿ ಕನ್ವರ್ಟರ್ ಕೆಲಸ. ಕೊನೆಗೆ ಆ ಅಂಕಿಗಳನ್ನು ಕಾರ್ಡಿಗೆ ಬರೆಯುತ್ತದೆ.

ಮೂರನೆಯ ಕೆಲಸವನ್ನು ಅಗ್ಗದ ರೆಕಾರ್ಡರ್ ಮಾಡಿದರೂ ಒಂದೇ, ದುಬಾರಿಯದು ಮಾಡಿದರೂ ಒಂದೇ. ಶಾನುಭೋಗರು ಲೆಕ್ಕ ಬರೆದ ಹಾಗೆ, ಹೇಳಿದ ಅಂಕಿಯನ್ನು ಹೇಳಿದ ಹಾಗೆ ಬರೆದರೆ ಮುಗಿಯಿತು. ಧ್ವನಿಯ ಗುಣ ತೀರ್ಮಾನ ಆಗುವುದು ಮೊದಲ ಎರಡು ಕೆಲಸಗಳಲ್ಲಿ. ಅದಕ್ಕೇ ನನ್ನ ಮಾತು ಇಷ್ಟು: ಸದ್ದು ಅಂಕಿಯಾಗುವುದು ಒಂದೇ ಒಂದು ಜಾಗದಲ್ಲಿ. ಆ ಜಾಗ ಯಾವುದು ಅನ್ನುವುದನ್ನು ನೀವೇ ಆರಿಸಿ. ದುಡ್ಡು, ಗಮನ ಎರಡನ್ನೂ ಅಲ್ಲಿ ಹಾಕಿ. ಉಳಿದದ್ದೆಲ್ಲ ಬರೀ ಸಾಗಾಣಿಕೆ.

ಹೊರಗಿನ ಒಂದು ಪೆಟ್ಟಿಗೆ ಸದ್ದನ್ನು ಅಂಕಿ ಮಾಡುವುದು, ರೆಕಾರ್ಡರ್ ಬರೀ ಬರೆದುಕೊಳ್ಳುವುದು, ಈ ಎರಡು ಪೆಟ್ಟಿಗೆಗಳ ಪದ್ಧತಿ ಹೊಸದೇನೂ ಅಲ್ಲ. ಮನೆಗೆ ಬಂದ ಡಿಜಿಟಲ್ ರೆಕಾರ್ಡಿಂಗ್ ಶುರುವಾಗಿದ್ದೇ ಹೀಗೆ. 1977ರಲ್ಲಿ ಸೋನಿ ಪಿಸಿಎಂ-1 ಅನ್ನುವ ಪೆಟ್ಟಿಗೆ ತಂದಿತು. ಅದು ಟೇಪ್ ಇಲ್ಲದ ಯಂತ್ರ. ಸದ್ದನ್ನು ಅಂಕಿ ಮಾಡಿ, ಆ ಅಂಕಿಗಳನ್ನು ಟಿವಿ ಚಿತ್ರದ ಸಿಗ್ನಲ್‌ನ ರೂಪದಲ್ಲಿ ಹೊರಗೆ ಕಳಿಸುತ್ತಿತ್ತು. ಬರೆದುಕೊಳ್ಳುವ ಕೆಲಸ ವಿಡಿಯೊ ರೆಕಾರ್ಡರ್‌ದು. 1980ರ ದಶಕದ ಮೊದಲಲ್ಲಿ ಬಂದ ಪಿಸಿಎಂ-ಎಫ್1 ಬ್ಯಾಟರಿಯಲ್ಲಿ ಓಡುತ್ತಿತ್ತು. ಅದನ್ನು ಹೆಗಲಿಗೆ ಹಾಕುವ ಬೀಟಾಮ್ಯಾಕ್ಸ್ ರೆಕಾರ್ಡರ್ ಜೊತೆ ಜೋಡಿಸಿ ಹೊರಗೆ ಒಯ್ಯಬಹುದಿತ್ತು. ಆ ವಿಡಿಯೊ ಟೇಪನ್ನು ಟಿವಿಗೆ ಹಾಕಿದರೆ ಕಪ್ಪು ಬಿಳುಪು ಚುಕ್ಕಿಗಳು ಕುಣಿಯುವುದು ಕಾಣುತ್ತಿತ್ತು. ಅದೇ ಸಂಗೀತ!

ನಮ್ಮ ಸಿಡಿಯ 44,100 ಅನ್ನುವ ಅಂಕಿ ಎಲ್ಲಿಂದ ಬಂತು ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಟಿವಿ ಚಿತ್ರದ ಒಂದು ಗೆರೆಯಲ್ಲಿ 3 ಸ್ಯಾಂಪಲ್, ಅಂದರೆ ಮೂರು ಸಲ ಅಳೆದ ಅಂಕಿ, ಕೂರಿಸುತ್ತಿದ್ದರು. ನಮ್ಮ ದೇಶದಲ್ಲೂ ಇದ್ದ ಪಾಲ್ ಅನ್ನುವ ಟಿವಿ ಪದ್ಧತಿಯಲ್ಲಿ ಬಳಸಲು ಸಿಗುತ್ತಿದ್ದ ಗೆರೆಗಳು 294, ಸೆಕೆಂಡಿಗೆ 50 ಸಲ. ಗುಣಿಸಿ ನೋಡಿ, 44,100. ಅಮೆರಿಕದ 60ರ ಲೆಕ್ಕಕ್ಕೆ 245 ಗೆರೆ ಹಿಡಿದರೂ ಅದೇ 44,100 ಬರುತ್ತದೆ. ಎರಡು ಕಡೆಗೂ ಹೊಂದುವ ಅಂಕಿ ಅಂತ ಅದು ಉಳಿಯಿತು. ಇವತ್ತಿನ ನಿಮ್ಮ ಫೋನಿನ ಹಾಡಿನಲ್ಲೂ ಆ ಹಳೆ ಟಿವಿ ಗೆರೆಗಳ ಲೆಕ್ಕ ಇದೆ.

ಅಮೆರಿಕದಲ್ಲಿ ಗ್ರೇಟ್‌ಫುಲ್ ಡೆಡ್ ಅನ್ನುವ ತಂಡದ ಕಾರ್ಯಕ್ರಮಗಳನ್ನು ಕೇಳುಗರೇ ರೆಕಾರ್ಡ್ ಮಾಡಿಕೊಳ್ಳುತ್ತಿದ್ದರು. 1984ರ ಅಕ್ಟೋಬರ್‌ನಲ್ಲಿ ಬರ್ಕ್ಲಿಯಲ್ಲಿ ಆ ತಂಡ ಅವರಿಗೆ ಅಂತಲೇ ಸಭಾಂಗಣದಲ್ಲಿ ಬೇರೆ ಜಾಗ ಬಿಟ್ಟುಕೊಟ್ಟಿತು. ಇವತ್ತು ನಾವು ಬಳಸುವ ಎಷ್ಟೋ ಉಪಾಯ ಅಂಥ ಕೇಳುಗರ ಗುಂಪಿನಿಂದ ಬಂದದ್ದು. 1987ರಲ್ಲಿ ಡ್ಯಾಟ್, ಅಂದರೆ ಸದ್ದನ್ನು ಅಂಕಿಗಳಾಗಿ ಬರೆಯುವ ಸಣ್ಣ ಟೇಪ್, ಬಂತು. ಕೈಯಲ್ಲಿ ಹಿಡಿಯುವ ಡ್ಯಾಟ್ ಯಂತ್ರಗಳು ಬಂದಾಗ ಆ ಗುಂಪಿಗೆ ಬೇಗ ಒಂದು ವಿಷಯ ಹೊಳೆಯಿತು. ಯಂತ್ರ ಸಣ್ಣದಾದಷ್ಟೂ ಅದರೊಳಗಿನ ಪ್ರಿಆಂಪ್, ಕನ್ವರ್ಟರ್ ಎರಡಕ್ಕೂ ಜಾಗ ಕಡಿಮೆ, ಕರೆಂಟು ಕಡಿಮೆ. ಹಾಗಾಗಿ ಹೊರಗಿನ ಕನ್ವರ್ಟರ್ ಜೋಡಿಸತೊಡಗಿದರು. ಸೋನಿಯೇ ತನ್ನ ಸಣ್ಣ ಡ್ಯಾಟ್‌ಗಳಿಗಾಗಿ ಎಸ್‌ಬಿಎಂ-1 ಅನ್ನುವ ಹೊರ ಕನ್ವರ್ಟರ್ ಮಾರಿತು.

ಸಣ್ಣ ತಟ್ಟೆಗೆ ಬರೆಯುವ ಮಿನಿಡಿಸ್ಕ್ 1992ರಲ್ಲಿ ಬಂತು. ಅದಕ್ಕೂ ಆಪ್ಟಿಕಲ್ ಇನ್, ಅಂದರೆ ಹೊರಗಿನ ಅಂಕಿಗಳನ್ನು ಬೆಳಕಿನ ಎಳೆಯ ಮೂಲಕ ತೆಗೆದುಕೊಳ್ಳುವ ಕಿಂಡಿ, ಇತ್ತು. ಆದರೆ ಒಳಗೆ ಹೋದ ಸದ್ದನ್ನು ಅದು ಸುಮಾರು ಐದರಲ್ಲಿ ಒಂದು ಪಾಲಿಗೆ ಹಿಂಡಿ ಬರೆಯುತ್ತಿತ್ತು. ಎಷ್ಟು ಒಳ್ಳೆ ಕನ್ವರ್ಟರ್ ಹಾಕಿದರೂ ಫಲ ಅರ್ಧವೇ. ಅದರ ಮುಂದಿನ ರೂಪವಾದ 2004ರ ಹೈ-ಎಂಡಿಯಲ್ಲಿ ಮಾತ್ರ ಹಿಂಡದೆ ಬರೆಯುವ ಸೌಲಭ್ಯ ಬಂತು.

ಕಾರ್ಡಿಗೆ ಬರೆಯುವ ರೆಕಾರ್ಡರ್‌ಗಳ ಕಾಲಕ್ಕೆ ಬರೋಣ. ಎಂ-ಆಡಿಯೊ ಮೈಕ್ರೊಟ್ರ್ಯಾಕ್ 24/96 ಅನ್ನುವುದು 2005ರಲ್ಲಿ ಬಂತು. ಅಂಗೈಯಷ್ಟೇ ಇದ್ದರೂ ಅದಕ್ಕೆ ಕೋಆಕ್ಸಿಯಲ್ ಡಿಜಿಟಲ್ ಇನ್, ಅಂದರೆ ಅಂಕಿಗಳನ್ನು ತಂತಿಯಲ್ಲಿ ತೆಗೆದುಕೊಳ್ಳುವ ಕಿಂಡಿ, ಇತ್ತು. ಅದರ ಫ್ಯಾಂಟಮ್ ಪವರ್, ಅಂದರೆ ಮೈಕಿಗೆ ಅದರ ತಂತಿಯಲ್ಲೇ ಕಳಿಸುವ ಕರೆಂಟು, ಮಾತ್ರ 48 ವೋಲ್ಟ್ ಅಲ್ಲ, 30 ವೋಲ್ಟ್. ಆ ಕರೆಂಟಿನಲ್ಲಿ ಓಡುವ ಕೆಲವು ಕಂಡೆನ್ಸರ್ ಮೈಕುಗಳಿಗೆ ಅದು ಸಾಲದು. ಹಾಗಾಗಿ ಜನ ಮೈಕನ್ನು ಹೊರಗಿನ ಪ್ರಿಆಂಪ್-ಕನ್ವರ್ಟರ್‌ಗೆ ಕೊಟ್ಟು, ಅಂಕಿಗಳನ್ನಷ್ಟೇ ಮೈಕ್ರೊಟ್ರ್ಯಾಕ್‌ಗೆ ಬಿಟ್ಟರು. ಗ್ರೇಸ್ ಡಿಸೈನ್‌ನ ಲುನಾಟೆಕ್ ವಿ3, ಅಪೋಜಿ ಮಿನಿ-ಮಿ, ಕೋರ್ ಸೌಂಡ್ ಮೈಕ್2496, ಎಡಿರಾಲ್ ಯುಎ-5, ಇವು ಆ ಕಾಲದ ಹೆಸರಾದ ಪೆಟ್ಟಿಗೆಗಳು. ಆಮೇಲೆ ಸೋನಿ ಪಿಸಿಎಂ-ಡಿ50, ಮರಾಂಟ್ಜ್ ಪಿಎಂಡಿ661, ಟಾಸ್ಕಾಂ ಡಿಆರ್-100 ಎಂಕೆ2 ಇವುಗಳಲ್ಲೂ ಡಿಜಿಟಲ್ ಇನ್ ಬಂತು.

ಇಲ್ಲಿ ಒಂದು ಎಚ್ಚರಿಕೆ. ಹಳೆ ರೆಕಾರ್ಡರ್ ಕೊಳ್ಳುವಾಗ "ಡಿಜಿಟಲ್" ಅಂತ ಬರೆದ ಕಿಂಡಿ ಕಂಡ ತಕ್ಷಣ ಖುಷಿ ಪಡಬೇಡಿ. ಎಷ್ಟೋ ರೆಕಾರ್ಡರ್‌ಗಳಲ್ಲಿ ಇರುವುದು ಡಿಜಿಟಲ್ ಔಟ್ ಮಾತ್ರ. ನಮ್ಮಲ್ಲಿ ತುಂಬ ಜನ ಬಳಸಿದ ಜೂಮ್ ಎಚ್4ಎನ್‌ನಲ್ಲಿ ಡಿಜಿಟಲ್ ಇನ್ ಇಲ್ಲವೇ ಇಲ್ಲ. ಇನ್ನು ಯುಎಸ್‌ಬಿ ಕಿಂಡಿ. ಯುಎಸ್‌ಬಿ ಕನ್ವರ್ಟರ್ ಇದೆ, ರೆಕಾರ್ಡರ್‌ಗೂ ಯುಎಸ್‌ಬಿ ಇದೆ, ಜೋಡಿಸಿದರೆ ಆಯಿತಲ್ವಾ ಅಂತ ಕೇಳುತ್ತಾರೆ. ಆಗುವುದಿಲ್ಲ. ಯುಎಸ್‌ಬಿಯಲ್ಲಿ ಒಂದು ಕಡೆ ಯಜಮಾನಿಕೆ ಮಾಡುವ ಯಂತ್ರ ಇರಲೇಬೇಕು. ಅದು ಕಂಪ್ಯೂಟರ್ರೋ ಫೋನೋ ಆಗಿರುತ್ತದೆ. ಸಾಮಾನ್ಯವಾಗಿ ಸಣ್ಣ ರೆಕಾರ್ಡರ್, ಕನ್ವರ್ಟರ್ ಎರಡೂ ಹೇಳಿದ್ದು ಕೇಳುವ ಯಂತ್ರಗಳು. ಎರಡನ್ನೂ ಜೋಡಿಸಿದರೆ ಮಾತು ಶುರು ಮಾಡುವವರೇ ಇರುವುದಿಲ್ಲ.

ಹಾಗಾದರೆ ಯಾವ ತಂತಿ? ಇಂಥ ಪೆಟ್ಟಿಗೆಗಳ ನಡುವಿನ ಭಾಷೆಯ ಹೆಸರು ಎಸ್‌ಪಿಡಿಐಎಫ್. ಸೋನಿ, ಫಿಲಿಪ್ಸ್ ಎರಡೂ ಸೇರಿ ಮಾಡಿದ್ದು. ಒಂದೇ ತಂತಿಯಲ್ಲಿ ಎಡ, ಬಲ ಎರಡೂ ಚಾನೆಲ್ ಹೋಗುತ್ತವೆ. ಕೋಆಕ್ಸಿಯಲ್ ಆದರೆ ಆರ್‌ಸಿಎ ಪಿನ್ನು, 75 ಓಮ್ ತಂತಿ. ಆಪ್ಟಿಕಲ್ ಆದರೆ ಕೆಂಪು ಬೆಳಕು ಹೋಗುವ ಪ್ಲಾಸ್ಟಿಕ್ ಎಳೆ. ಅದು 1983ರಲ್ಲಿ ತೋಷಿಬಾ ತಂದ ಟಾಸ್‌ಲಿಂಕ್. ಸಣ್ಣ ರೆಕಾರ್ಡರ್‌ಗಳಲ್ಲಿ ಅದು ಹೆಡ್‌ಫೋನ್ ಪಿನ್ನಿನ ಅಳತೆಯಲ್ಲಿರುತ್ತದೆ. ಡಿ50ಯಲ್ಲಿ ಲೈನ್ ಇನ್ ಕಿಂಡಿಯೇ ಆಪ್ಟಿಕಲ್ ಇನ್ ಕೂಡ.

ಸ್ಟುಡಿಯೊ ಮಟ್ಟದ ಕನ್ವರ್ಟರ್‌ಗಳಲ್ಲಿ ಎಕ್ಸ್‌ಎಲ್‌ಆರ್ ಪಿನ್ನಿನ ಎಇಎಸ್3 ಔಟ್ ಇರುತ್ತದೆ. ಭಾಷೆ ಹೆಚ್ಚುಕಡಿಮೆ ಅದೇ, ಆದರೆ ಗಂಟಲು ದೊಡ್ಡದು. ಎಸ್‌ಪಿಡಿಐಎಫ್ ಅರ್ಧ ವೋಲ್ಟ್, ಎಇಎಸ್3 ಎರಡರಿಂದ ಏಳು ವೋಲ್ಟ್, ಅದೂ 110 ಓಮ್. ಸುಮ್ನೆ ಪಿನ್ನು ಬದಲಾಯಿಸಿ ಚುಚ್ಚಬೇಡಿ. ಟ್ರಾನ್ಸ್‌ಫಾರ್ಮರ್ ಇರುವ ಅಡಾಪ್ಟರ್ ಬಳಸಿ. ಕೆಲವು ಮನೆಬಳಕೆಯ ರೆಕಾರ್ಡರ್‌ಗಳು ಸಿಗ್ನಲ್‌ನಲ್ಲಿ "ಇದು ಸ್ಟುಡಿಯೊದ್ದು" ಅನ್ನುವ ಗುರುತು ಕಂಡರೆ ತೆಗೆದುಕೊಳ್ಳುವುದೇ ಇಲ್ಲ. ಕನ್ವರ್ಟರ್‌ನಲ್ಲಿ ಆ ಗುರುತು ಬದಲಾಯಿಸುವ ಸ್ವಿಚ್ ಇದೆಯಾ ನೋಡಿ.

ಈಗ ಕ್ಲಾಕ್. ಈ ವಿಷಯದಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ. ಎಲ್ಲ ತೊಂದರೆಯ ಬೇರು ಹೆಚ್ಚಾಗಿ ಇಲ್ಲೇ.

ಕನ್ವರ್ಟರ್ ಒಳಗೊಂದು ಹರಳಿನ ಗಡಿಯಾರ ಇದೆ. ಅದು ತಟ್ಟಿದಾಗಲೆಲ್ಲ ಒಂದು ಅಳತೆ. ರೆಕಾರ್ಡರ್ ಒಳಗೂ ಅಂಥದ್ದೇ ಒಂದು ಇದೆ. ಎರಡರ ಮೇಲೂ 48,000 ಅಂತಲೇ ಬರೆದಿದ್ದರೂ ಅವು ನಿಜವಾಗಿ ಒಂದೇ ಆಗಿರುವುದಿಲ್ಲ. ಹತ್ತು ಲಕ್ಷಕ್ಕೆ ಇಪ್ಪತ್ತರಷ್ಟು ವ್ಯತ್ಯಾಸ ಇದ್ದರೆ, 48,000ಕ್ಕೆ ಹೆಚ್ಚುಕಡಿಮೆ ಸೆಕೆಂಡಿಗೆ ಒಂದು ಸ್ಯಾಂಪಲ್ ಆಚೀಚೆ. ರೆಕಾರ್ಡರ್ ತನ್ನ ಗಡಿಯಾರದಲ್ಲೇ ಓಡುತ್ತಿದ್ದರೆ ಆ ಒಂದು ಸ್ಯಾಂಪಲ್ ಬಿಟ್ಟುಹೋಗುತ್ತದೆ, ಇಲ್ಲ ಎರಡು ಸಲ ಬರುತ್ತದೆ. ಕಿವಿಗೆ ಅದು "ಟಿಕ್" ಅಂತ ಕೇಳುತ್ತದೆ. ಮದ್ದಳೆ ಜೋರಾಗಿ ನುಡಿಯುವಾಗ ಗೊತ್ತಾಗದು. ಆಲಾಪನೆಯಲ್ಲಿ, ತಂಬೂರಿಯೊಂದೇ ಉಳಿದಾಗ, ಸ್ಪಷ್ಟವಾಗಿ ಕೇಳುತ್ತದೆ. ಒಮ್ಮೆ ಫೈಲಿಗೆ ಸೇರಿದ ಮೇಲೆ ಅದನ್ನು ಒಂದೊಂದಾಗಿ ಹೆಕ್ಕಿ ತೆಗೆಯಬೇಕು.

ಎಸ್‌ಪಿಡಿಐಎಫ್ ತಂತಿಯಲ್ಲಿ ಅಂಕಿಗಳ ಜೊತೆಗೇ ಕನ್ವರ್ಟರ್‌ನ ಗಡಿಯಾರವೂ ಬರುತ್ತದೆ. ರೆಕಾರ್ಡರ್ ಅದನ್ನು ಹಿಡಿದು ಅದರ ತಾಳಕ್ಕೆ ನಡೆಯಬೇಕು, ಅಷ್ಟೆ. ಸಣ್ಣ ರೆಕಾರ್ಡರ್‌ಗಳಲ್ಲಿ ಇನ್‌ಪುಟ್ ಅನ್ನು ಡಿಜಿಟಲ್ ಅಂತ ಆರಿಸಿದರೆ ಸಾಮಾನ್ಯವಾಗಿ ಇದು ತಾನಾಗೇ ಆಗುತ್ತದೆ. ಕೆಲವದರಲ್ಲಿ ಮೆನುವಿನಲ್ಲಿ ಬೇರೆಯಾಗಿ ಹೇಳಬೇಕು. ಮೊದಲು ಕನ್ವರ್ಟರ್ ಆನ್ ಮಾಡಿ, ಅದರಲ್ಲಿ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಅಳೆಯಬೇಕು ಅನ್ನುವ ಲೆಕ್ಕ) ಆರಿಸಿ, ಆಮೇಲೆ ರೆಕಾರ್ಡರ್‌ನಲ್ಲೂ ಅದೇ ರೇಟ್ ಇಡಿ. ನಡುವೆ ಬದಲಾಯಿಸಬೇಡಿ.

ಸ್ಯಾಂಪಲ್ ರೇಟ್ ಎರಡು ಕಡೆ ಬೇರೆಯಾದರೆ ಏನಾಗುತ್ತದೆ? ಕೆಲವು ರೆಕಾರ್ಡರ್ ಶುರುವೇ ಆಗುವುದಿಲ್ಲ. ಅದು ಒಳ್ಳೆಯ ರೆಕಾರ್ಡರ್. ಇನ್ನು ಕೆಲವು 48,000ದ ಅಂಕಿಗಳನ್ನು ತೆಗೆದುಕೊಂಡು ಫೈಲಿನ ಮೇಲೆ 44,100 ಅಂತ ಬರೆದುಬಿಡುತ್ತವೆ. ಕೇಳಿದಾಗ ಹಾಡು ನಿಧಾನ, ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಕೆಳಗೆ. ಗಾಬರಿ ಆಗಬೇಡಿ, ಒಳಗಿನ ಅಂಕಿಗಳು ಸರಿಯಾಗೇ ಇರುತ್ತವೆ. ಎಡಿಟಿಂಗ್ ತಂತ್ರಾಂಶದಲ್ಲಿ ಫೈಲಿನ ರೇಟ್ ಬರಹವನ್ನಷ್ಟೇ 48,000 ಮಾಡಿ. ರೀಸ್ಯಾಂಪಲ್ ಮಾಡಲು ಹೋಗಬೇಡಿ, ಅದು ಅಂಕಿಗಳನ್ನೇ ಹೊಸದಾಗಿ ಲೆಕ್ಕ ಹಾಕುವ ಬೇರೆ ಕೆಲಸ.

ಇದೇ ಜಾಗದಲ್ಲಿ ದುಬಾರಿ ಡಿಜಿಟಲ್ ಕೇಬಲ್ ಮಾರುವವರ ಮಾತು ಬರುತ್ತದೆ. ಗಡಿಯಾರದ ತಟ್ಟುವಿಕೆ ಅಲುಗಾಡಿದರೆ ಧ್ವನಿ ಕೆಡುತ್ತದೆ ಅನ್ನುತ್ತಾರೆ. ಅದು ನಿಜ, ಆದರೆ ಅಳತೆ ತೆಗೆಯುವ ಜಾಗದಲ್ಲಿ ಮಾತ್ರ ನಿಜ. ಅಂದರೆ ಕನ್ವರ್ಟರ್ ಒಳಗೆ. ಅಳತೆ ಮುಗಿದು ಅಂಕಿ ಆದ ಮೇಲೆ, ಆ ಅಂಕಿ ತಂತಿಯಲ್ಲಿ ಒಂದು ಕ್ಷಣ ಹಿಂದೆಮುಂದೆ ಆಗಿ ಬಂದರೂ ಬರೆಯುವಾಗ ಅದೇ ಅಂಕಿ. ಹಾಗಾಗಿ 75 ಓಮ್‌ನ, ಪಿನ್ನು ಬಿಗಿಯಾಗಿ ಕೂರುವ ಸಾಧಾರಣ ಕೇಬಲ್ ಸಾಕು. ಮಿಕ್ಕ ದುಡ್ಡಿಗೆ ಇನ್ನೊಂದು ಬ್ಯಾಟರಿ ತಗೊಳ್ಳಿ. ಆರ್‌ಸಿಎ ಪಿನ್ನಿಗೂ, ಟಾಸ್‌ಲಿಂಕ್‌ಗೂ ಲಾಕ್ ಇಲ್ಲ. ಯಾರೋ ಎದ್ದು ಹೋಗುವಾಗ ಕಾಲು ತಗುಲಿದರೆ ಕಳಚಿಕೊಳ್ಳುತ್ತದೆ. ಒಂದು ತುಂಡು ಟೇಪ್ ಅಂಟಿಸಿ. ಆಪ್ಟಿಕಲ್ ಎಳೆಯನ್ನು ಚೂಪಾಗಿ ಮಡಚಬೇಡಿ.

ಇನ್ನು ಲೆವೆಲ್. ಡಿಜಿಟಲ್ ಇನ್ ಆರಿಸಿದ ಮೇಲೆ ರೆಕಾರ್ಡರ್‌ನ ಲೆವೆಲ್ ಗುಂಡಿ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ. ಮಾಡಬಾರದು ಕೂಡ. ಲೆವೆಲ್ ಇಡುವುದು ಕನ್ವರ್ಟರ್‌ನಲ್ಲಿ. ಅಲ್ಲಿ ಮೇಲಿನ ಮಿತಿ ದಾಟಿದರೆ ಮುಂದೆ ಯಾರೂ ಸರಿಪಡಿಸಲಾರರು.

ನಮ್ಮ ಸಂಗೀತಕ್ಕೆ ಬಂದರೆ ಎರಡು ಬೇರೆ ಬೇರೆ ಕಷ್ಟ. ವೀಣೆ ಮೆಲುದನಿಯ ವಾದ್ಯ. ಒಂದು ಮೀಟು ಹಾಕಿ ಗಮಕವನ್ನು ಎಳೆಯುತ್ತಾ ಹೋದಾಗ ಕೊನೆಯ ನಾದ ತೀರಾ ಸಣ್ಣದಾಗುತ್ತದೆ. ಸಣ್ಣ ರೆಕಾರ್ಡರ್‌ನ ಪ್ರಿಆಂಪ್ "ಸ್" ಅನ್ನುವ ಸದ್ದು ಮಾಡುತ್ತಿದ್ದರೆ ಆ ನಾದ ಅದರಲ್ಲಿ ಮುಳುಗುತ್ತದೆ. ಹೊರಗಿನ ಒಳ್ಳೆ ಪ್ರಿಆಂಪ್-ಕನ್ವರ್ಟರ್‌ನ ಬೆಲೆ ತಿಳಿಯುವುದು ಇಲ್ಲಿ. ನನ್ನ ಮಟ್ಟಿಗೆ ಈ ಇಡೀ ತಲೆನೋವನ್ನು ಹೊತ್ತುಕೊಳ್ಳಲು ಆ ಒಂದು ಗಮಕದ ಬಾಲವೇ ಸಾಕಷ್ಟು ಕಾರಣ. ಯಕ್ಷಗಾನದ ಕಷ್ಟ ಇದರ ಉಲ್ಟಾ. ಭಾಗವತರು ಮೆಲ್ಲಗೆ ಒಂದು ಪದ್ಯ ಎತ್ತಿಕೊಂಡಿರುತ್ತಾರೆ. ನೀವು ಅದಕ್ಕೆ ಲೆವೆಲ್ ಇಟ್ಟಿರುತ್ತೀರಿ. ಆಮೇಲೆ ಚೆಂಡೆ ಬೀಳುತ್ತದೆ. ಅಲ್ಲಿ ಬೇಕಾದ್ದು ಮೇಲ್ಗಡೆ ಖಾಲಿ ಜಾಗ.

ಒಂದೊಂದು ಅಳತೆಯನ್ನು ಎಷ್ಟು ಸೂಕ್ಷ್ಮವಾಗಿ ಬರೆಯುತ್ತೇವೆ ಅನ್ನುವುದೇ ಬಿಟ್ ಲೆಕ್ಕ. 24 ಬಿಟ್ ಇರುವಾಗ ಆ ಖಾಲಿ ಜಾಗ ಬಿಡಲು ಹೆದರಬೇಡಿ. ಒಂದು ಬಿಟ್ ಅಂದರೆ ಸುಮಾರು 6 ಡೆಸಿಬಲ್. ತೀರಾ ಮೆಲುದನಿಗೂ ತೀರಾ ಜೋರಿಗೂ ನಡುವಿನ ಅಂತರ ಕಾಗದದ ಮೇಲೆ 24 ಬಿಟ್‌ಗೆ 144 ಡೆಸಿಬಲ್ ಬರುತ್ತದೆ. ತುಂಬ ಒಳ್ಳೆಯ ಕನ್ವರ್ಟರ್ ಕೂಡ ನಿಜದಲ್ಲಿ ಕೊಡುವುದು 120ರ ಆಸುಪಾಸು. ಸಭಾಂಗಣದ ಫ್ಯಾನಿನ ಸದ್ದೇ ಅಂಥ ಕನ್ವರ್ಟರ್‌ನ ಸ್ವಂತ ಸದ್ದಿಗಿಂತ ಎಷ್ಟೋ ಮೇಲಿರುತ್ತದೆ. ಹಾಗಾಗಿ ಜೋರಾದ ಜಾಗ ಮೀಟರ್‌ನಲ್ಲಿ ಮೇಲಿನ ಮಿತಿಗಿಂತ 12 ಡೆಸಿಬಲ್ ಕೆಳಗೆ, ಅಂದರೆ ಮೈನಸ್ 12ರ ಹತ್ತಿರ ಬರುವ ಹಾಗಿಡಿ. ಚೆಂಡೆ ಇದ್ದರೆ ಇನ್ನೂ ಕೆಳಗಿಡಿ. ಆಮೇಲೆ ಮನೆಯಲ್ಲಿ ಏರಿಸಿಕೊಳ್ಳಬಹುದು.

ಹಳೆ ರೆಕಾರ್ಡರ್ ಬಳಸುವವರಿಗೆ ಒಂದು ವಿಶೇಷ ಮಾತು. ಡ್ಯಾಟ್ ಆಗಲಿ, ಐರಿವರ್ ಎಚ್120 ಆಗಲಿ, ಬರೆಯುವುದು 16 ಬಿಟ್. ಕನ್ವರ್ಟರ್ 24 ಬಿಟ್ ಕಳಿಸಿದರೆ ಕೊನೆಯ 8 ಬಿಟ್‌ಗಳನ್ನು ಸುಮ್ಮನೆ ಕತ್ತರಿಸಿ ಹಾಕುತ್ತವೆ. ಮೆಲುದನಿಯ ಜಾಗದಲ್ಲಿ ಅದು ಒರಟಾಗಿ ಕೇಳುತ್ತದೆ. ಕನ್ವರ್ಟರ್‌ನಲ್ಲೇ 16 ಬಿಟ್ ಆರಿಸಿ, ಡಿದರ್ (ಆ ಒರಟುತನ ಮರೆಸಲು ಸೇರಿಸುವ ತೀರಾ ಸಣ್ಣ ಸದ್ದು) ಆನ್ ಮಾಡಿ ಕಳಿಸಿ.

ಕರೆಂಟಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಎರಡು ಪೆಟ್ಟಿಗೆ ಅಂದರೆ ಎರಡು ಬ್ಯಾಟರಿ. ಕನ್ವರ್ಟರ್ 48 ವೋಲ್ಟ್ ಫ್ಯಾಂಟಮ್ ಕೂಡ ಕೊಡಬೇಕಾದ್ದರಿಂದ ಅದು ಜಾಸ್ತಿ ತಿನ್ನುತ್ತದೆ. ರಾತ್ರಿಯಿಡೀ ನಡೆಯುವ ಆಟಕ್ಕೆ ಹೋಗುವ ಮೊದಲು ಮನೆಯಲ್ಲಿ ಮೈಕ್ ಸಮೇತ ಓಡಿಸಿ, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಅಂತ ಗಡಿಯಾರ ನೋಡಿಕೊಳ್ಳಿ. ಬಯಲಿನಲ್ಲಿ ಜನರೇಟರ್ ಕರೆಂಟಿಗೆ ಕನ್ವರ್ಟರ್ ಚುಚ್ಚಬೇಡಿ. ಗುಂಯ್ ಅನ್ನುವ ಸದ್ದು ಸೇರುವ ಅಪಾಯ ಇರುವುದು ಅಂಕಿ ಆಗುವ ಮೊದಲು, ಅಂದರೆ ಅದೇ ಪೆಟ್ಟಿಗೆಯಲ್ಲಿ.

ಕಾರ್ಡಿನ ಲೆಕ್ಕ: 24 ಬಿಟ್, 48,000 ರೇಟ್, ಸ್ಟಿರಿಯೊ ಆದರೆ ಗಂಟೆಗೆ ಒಂದು ಜಿಬಿಗಿಂತ ಸ್ವಲ್ಪ ಜಾಸ್ತಿ. ಎಂಟು ಗಂಟೆಯ ಆಟಕ್ಕೆ 8.3 ಜಿಬಿ. ಹಳೆ ರೆಕಾರ್ಡರ್‌ಗಳು 2 ಜಿಬಿಗೆ ಒಂದು ಫೈಲ್ ಮುಗಿಸಿ ಇನ್ನೊಂದು ತೆರೆಯುತ್ತವೆ, ಅಂದರೆ ಸುಮಾರು ಎರಡು ಗಂಟೆಗೊಮ್ಮೆ. ಆ ಜೋಡಣೆಯ ಜಾಗದಲ್ಲಿ ಏನೂ ಬಿಟ್ಟುಹೋಗಿಲ್ಲವಾ ಅಂತ ಮನೆಯಲ್ಲೇ ಒಮ್ಮೆ ಪರೀಕ್ಷೆ ಮಾಡಿ.

ಇವತ್ತು ಹೊಸದಾಗಿ ಶುರು ಮಾಡುವವರು ಇಷ್ಟೆಲ್ಲ ಮಾಡಬೇಕಾ? ನನ್ನ ಅಭಿಪ್ರಾಯ ಹೇಳುತ್ತೇನೆ. ಬೇಡ. 2019ರ ಜೂಮ್ ಎಫ್6, ಆಮೇಲಿನ ಎಫ್3 ಇವುಗಳಲ್ಲಿ ಒಂದೊಂದು ಚಾನೆಲ್ಲಿಗೆ ಎರಡೆರಡು ಕನ್ವರ್ಟರ್ ಇಟ್ಟು, ತೀರಾ ಸಣ್ಣ, ತೀರಾ ದೊಡ್ಡ ಅಂಕಿ ಎರಡನ್ನೂ ಹಿಡಿಯುವ 32 ಬಿಟ್ ಫ್ಲೋಟ್ ರೂಪದಲ್ಲಿ ಬರೆಯುತ್ತಾರೆ. ಒಂದು ಕನ್ವರ್ಟರ್ ಮೆಲುದನಿಗೆ, ಒಂದು ಜೋರಿಗೆ. ಅಂಥದ್ದು ಕೊಳ್ಳುವ ಶಕ್ತಿ ಇದ್ದರೆ ಕೊಳ್ಳಿ, ಒಂದೇ ಪೆಟ್ಟಿಗೆಯಲ್ಲಿ ಕೆಲಸ ಮುಗಿಯುತ್ತದೆ. ಆದರೆ ನಿಮ್ಮ ಹತ್ತಿರ ಒಳ್ಳೆಯ ಕನ್ವರ್ಟರ್ ಆಗಲೇ ಇದ್ದರೆ, ಅಥವಾ ಡಿಜಿಟಲ್ ಇನ್ ಇರುವ ಹಳೆ ರೆಕಾರ್ಡರ್ ಕಡಿಮೆ ಬೆಲೆಗೆ ಸಿಕ್ಕರೆ, ಅದನ್ನು ಮೂಲೆಗೆ ಹಾಕಬೇಡಿ. ಬರೆದುಕೊಳ್ಳುವ ಕೆಲಸಕ್ಕೆ ಅದು ಇನ್ನೂ ಗಟ್ಟಿ. ಫೋನನ್ನೂ ರೆಕಾರ್ಡರ್ ಮಾಡಬಹುದು. ಯುಎಸ್‌ಬಿ ಕನ್ವರ್ಟರ್ ಜೋಡಿಸಿದರೆ ಫೋನು ಯಜಮಾನಿಕೆ ವಹಿಸುತ್ತದೆ. ಏರೋಪ್ಲೇನ್ ಮೋಡ್ ಹಾಕಿ, ಕನ್ವರ್ಟರ್‌ಗೆ ಬೇರೆ ಕರೆಂಟ್ ಕೊಡಿ. ಇಲ್ಲದಿದ್ದರೆ ಫೋನ್ ಬ್ಯಾಟರಿ ಕಛೇರಿಯ ಅರ್ಧಕ್ಕೇ ಮುಗಿಯುತ್ತದೆ.

ಯಾವ ಯಂತ್ರವೇ ಇರಲಿ, ಕಲಾವಿದರನ್ನು ಕೇಳಿ ಒಪ್ಪಿಗೆ ಪಡೆದೇ ರೆಕಾರ್ಡ್ ಮಾಡಿ. ಇದರಲ್ಲಿ ರಾಜಿ ಬೇಡ.

ಮಾತು ಮುಗಿದ ಮೇಲೆ ಸಭೆಯಲ್ಲಿ ಒಬ್ಬ ಹಿರಿಯರು ಒಂದು ಪ್ರಶ್ನೆ ಕೇಳಿದರು. ಮನೆಯಲ್ಲಿ ಹಳೆ ಡ್ಯಾಟ್ ಟೇಪುಗಳೂ ಕ್ಯಾಸೆಟ್‌ಗಳೂ ಇವೆ, ಇದೇ ಸಾಮಾನಿನಲ್ಲಿ ಉಳಿಸಿಕೊಳ್ಳಬಹುದಾ ಅಂತ. ಖಂಡಿತ ಆಗುತ್ತದೆ ಸರ್. ಕ್ಯಾಸೆಟ್ ಡೆಕ್‌ನ ಲೈನ್ ಔಟ್ ಅನ್ನು ಕನ್ವರ್ಟರ್‌ಗೆ, ಅಲ್ಲಿಂದ ರೆಕಾರ್ಡರ್‌ಗೆ ಕೊಡಿ. ಡ್ಯಾಟ್ ಆದರೆ ಕನ್ವರ್ಟರ್ ಬೇಡವೇ ಬೇಡ. ಟೇಪಿನಲ್ಲಿ ಇರುವುದೇ ಅಂಕಿ. ಡ್ಯಾಟ್ ಯಂತ್ರದ ಡಿಜಿಟಲ್ ಔಟ್‌ನಿಂದ ರೆಕಾರ್ಡರ್‌ನ ಡಿಜಿಟಲ್ ಇನ್‌ಗೆ ನೇರ ತಂತಿ ಹಾಕಿ. ಈಗ ಗಡಿಯಾರದ ಯಜಮಾನ ಡ್ಯಾಟ್ ಯಂತ್ರ. ಟೇಪ್ 48,000ದ್ದಾ 44,100ದ್ದಾ ಅಂತ ನೋಡಿ ರೆಕಾರ್ಡರ್‌ನಲ್ಲೂ ಅದೇ ಇಡಿ. ಜಾಸ್ತಿ ಹೊತ್ತು ಬರಲಿ ಅಂತ ಲಾಂಗ್ ಪ್ಲೇಯಲ್ಲಿ ಮಾಡಿದ ಟೇಪು 32,000ದ್ದು. ಅದನ್ನು ಎಷ್ಟೋ ರೆಕಾರ್ಡರ್‌ಗಳು ತೆಗೆದುಕೊಳ್ಳುವುದಿಲ್ಲ. ಆಗ ಮಾತ್ರ ಡ್ಯಾಟ್‌ನ ಅನಲಾಗ್ ಔಟ್‌ನಿಂದ ಕನ್ವರ್ಟರ್ ಮೂಲಕ ಬನ್ನಿ. ಬಹಳ ವರ್ಷ ಸುಮ್ಮನೆ ಇಟ್ಟ ಟೇಪನ್ನು ಮೊದಲು ಪೂರ್ತಿ ಮುಂದಕ್ಕೆ, ಆಮೇಲೆ ಪೂರ್ತಿ ಹಿಂದಕ್ಕೆ ಓಡಿಸಿ, ನಂತರ ಪ್ಲೇ ಮಾಡಿ. ಸೋನಿ ಡ್ಯಾಟ್ ಯಂತ್ರಗಳನ್ನು ಮಾಡುವುದು 2005ರಲ್ಲೇ ನಿಲ್ಲಿಸಿತು. ಓಡುವ ಯಂತ್ರ ನಿಮ್ಮ ಕೈಗೆ ಸಿಕ್ಕಿದ್ದರೆ ಹೊಸ ರೆಕಾರ್ಡಿಂಗ್ ಆಮೇಲೆ ನೋಡಿಕೊಳ್ಳಿ. ಈ ವಾರವೇ ಆ ಟೇಪುಗಳಿಂದ ಶುರು ಮಾಡಿ.